ಬೇಲಿಯಿಲ್ಲದ ಹೊಲ, ಬೇರೆಯವರ ನೆಲ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿರುವ ಲ್ಯಾಕ್ಸ್ಟನ್ ಹಳ್ಳಿಯಲ್ಲಿ ಪ್ರತಿ ವರ್ಷ ಚಳಿಗಾಲದ ಹೊತ್ತಿಗೆ ಊರ ಪಂಚರು ಗೋಧಿ ಬಿತ್ತಿದ ಹೊಲಕ್ಕೆ ಇಳಿಯುತ್ತಾರೆ. ಯಾರ ನೇಗಿಲು ದಾರಿಗೆ ನುಗ್ಗಿದೆ, ಯಾರು ಹುಲ್ಲುಪಟ್ಟಿಯನ್ನು ಕೊರೆದಿದ್ದಾರೆ ಎಂದು ನೋಡಿ, ಗಡಿ ಗೊತ್ತಾಗುವಂತೆ ಗೂಟ ಬಡಿಯುತ್ತಾರೆ. ಆಮೇಲೆ ಊರಿನ ಪಬ್ಬಿನಲ್ಲಿ 'ಕೋರ್ಟ್ ಲೀಟ್' ಎಂಬ ಹಳೆಯ ನ್ಯಾಯಸಭೆ ಸೇರುತ್ತದೆ. ತಪ್ಪಿತಸ್ಥರು ದಂಡ ತೆರುತ್ತಾರೆ. ಮೊತ್ತ ಚಿಕ್ಕದು. ಆದರೆ ನೆರೆಹೊರೆಯವರ ಎದುರು ತೆರಬೇಕಲ್ಲ!

ಇಲ್ಲಿನ ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್, ಸೌತ್ ಫೀಲ್ಡ್ ಎಂಬ ಮೂರು ದೊಡ್ಡ ಬಯಲುಗಳಿಗೆ ಒಳಬೇಲಿಯಿಲ್ಲ. ಒಬ್ಬೊಬ್ಬ ರೈತನ ಪಾಲು ಮೂರರಲ್ಲೂ ಪಟ್ಟಿಪಟ್ಟಿಯಾಗಿ ಹರಡಿದೆ. ಒಂದರಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದ ಬೆಳೆ, ಮತ್ತೊಂದು ಬೀಳು. ಮರುವರ್ಷ ಸರದಿ ಬದಲು. ಮಧ್ಯಯುಗದಲ್ಲಿ ಇಂಗ್ಲೆಂಡಿನ ಬಹುಭಾಗದಲ್ಲಿ ಹೀಗೇ ಬೇಸಾಯ ನಡೆಯುತ್ತಿತ್ತು. 18 ಮತ್ತು 19ನೇ ಶತಮಾನಗಳಲ್ಲಿ ಸಂಸತ್ತು ಒಂದರ ಮೇಲೊಂದು ಕಾಯ್ದೆ ತಂದು ಬಯಲುಗಳಿಗೆ ಬೇಲಿ ಹಾಕಿಸಿತು. ಲ್ಯಾಕ್ಸ್ಟನ್ ತಪ್ಪಿಸಿಕೊಂಡದ್ದಕ್ಕೆ ಊರವರ ಹೋರಾಟಕ್ಕಿಂತ, ಅಲ್ಲಿನ ಇಬ್ಬರು ದೊಡ್ಡ ಜಮೀನ್ದಾರರಿಗೆ ಒಮ್ಮತ ಕೂಡಿಬರದಿದ್ದದ್ದೇ ಮುಖ್ಯ ಕಾರಣ ಎನ್ನುತ್ತಾರೆ.

ಇದನ್ನು 'ಬದುಕಿರುವ ಮಧ್ಯಯುಗ' ಎಂದು ಹೊಗಳುವವರು ಸ್ವಲ್ಪ ಅವಸರಪಡುತ್ತಾರೆ. ಮಾರ್ಕ್ ಪಿಯರ್ಸ್ 1635ರಲ್ಲಿ ಬರೆದ ಊರಿನ ನಕ್ಷೆಯಲ್ಲಿ ಪಟ್ಟಿಗಳು ಎರಡು ಸಾವಿರಕ್ಕೂ ಹೆಚ್ಚು. 20ನೇ ಶತಮಾನದ ಮೊದಲಲ್ಲೇ ಅವುಗಳನ್ನು ಕೂಡಿಸಿ ಅಗಲ ಮಾಡಲಾಯಿತು. ಈಗ ಅವುಗಳ ಮೇಲೆ ಟ್ರ್ಯಾಕ್ಟರ್ ಓಡುತ್ತದೆ. ರೈತರಿಗೆ ಬೇಲಿ ಹಾಕಿದ ಬೇರೆ ಹೊಲಗಳೂ ಇವೆ, ಬಯಲಿನ ಪಟ್ಟಿಗಳನ್ನಷ್ಟೇ ನಂಬಿ ಸಂಸಾರ ನಡೆಯುವುದಿಲ್ಲ. ಹಾಗೆಂದು ಇದು ಪ್ರವಾಸಿಗರಿಗೆ ಆಡಿ ತೋರಿಸುವ ನಾಟಕವೂ ಅಲ್ಲ. ಬಿತ್ತುವುದು ನಿಜವಾದ ಬೆಳೆ, ಜಗಳವೂ ನಿಜವಾದದ್ದೇ. ಉಳಲು ಬಾರದ ಇಳಿಜಾರು, ತಗ್ಗುಗಳನ್ನು ಹುಲ್ಲಿಗೆ ಬಿಟ್ಟದ್ದರಿಂದ, ಬೇರೆಡೆ ಅಪರೂಪವಾದ ಕಾಡುಹೂಗಳು ಅಲ್ಲಿ ಉಳಿದಿವೆ. ಯಾವ ಸಂರಕ್ಷಣಾ ಯೋಜನೆಗೂ ಮೊದಲೇ ಬೇಸಾಯದ ಕಟ್ಟುಪಾಡು ಮಾಡಿದ ಕೆಲಸ ಇದು.

ವ್ಯವಸ್ಥೆಯ ದುರ್ಬಲ ಭಾಗ ಒಡೆತನ. ಸಾಮೂಹಿಕ ಬೇಸಾಯವೆಂದರೆ ಸಾಮೂಹಿಕ ಆಸ್ತಿ ಎಂದು ಭಾವಿಸುವವರಿಗೆ ಇಲ್ಲಿ ನಿರಾಶೆ ಕಾದಿದೆ: ಬಯಲು ಉಳುವವರು ಗೇಣಿದಾರರು. 1952ರಲ್ಲಿ ಲ್ಯಾಕ್ಸ್ಟನ್ನಿನ ಜಮೀನ್ದಾರ ಅರ್ಲ್ ಮ್ಯಾನ್ವರ್ಸ್ ತನ್ನ ಜಮೀನನ್ನು ಕೃಷಿ ಸಚಿವಾಲಯಕ್ಕೆ ಮಾರಿದ. 1981ರಲ್ಲಿ ಅದು ರಾಜಪದವಿಗೆ ಸೇರಿದ ಆಸ್ತಿಗಳನ್ನು ನೋಡಿಕೊಳ್ಳುವ ಕ್ರೌನ್ ಎಸ್ಟೇಟಿನ ಕೈಸೇರಿತು. 2020ರಲ್ಲಿ ಕೊಂಡದ್ದು ಥೋರ್ಸ್‌ಬಿ ಎಸ್ಟೇಟ್, ಅಂದರೆ ಮ್ಯಾನ್ವರ್ಸ್ ಮನೆತನದ್ದೇ ಹಳೆಯ ಆಸ್ತಿ! ಸಚಿವಾಲಯ, ಕ್ರೌನ್ ಎಸ್ಟೇಟುಗಳ ಕೈಯಲ್ಲಿದ್ದ ಪರಂಪರೆ ಒಂದು ಸುತ್ತು ಹೊಡೆದು ಜಮೀನ್ದಾರಿಕೆಗೇ ಮರಳಿತು.

ಹೊಸ ಒಡೆಯರು ಮೂರು ಬಯಲಿನ ಪದ್ಧತಿಯನ್ನು ಮುಂದುವರಿಸುತ್ತಿದ್ದಾರೆ ಎಂಬುದು ಸಮಾಧಾನ. ಆದರೆ ಪಂಚರ ಅಧಿಕಾರ ಎಷ್ಟರದ್ದು ಎಂಬುದೂ ಆ ಮಾರಾಟದಲ್ಲಿ ಬಯಲಾಯಿತು. ಅಂಗೈಯಗಲ ದಾರಿ ಒತ್ತಿದ ರೈತನನ್ನು ಸಭೆ ಕರೆಸಬಲ್ಲದು. ಬಯಲುಗಳನ್ನೇ ಮಾರುವ ಒಡೆಯ ಅದರ ಅಪ್ಪಣೆ ಕೇಳಬೇಕಿಲ್ಲ.