ಬೇರಿಗೊಂದು ದೂರು, ಮೋರಿಗೊಂದು ದೂರು

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮರಕ್ಕೂ ಮೋರಿಗೂ ಬಿಡಿಸಲಾಗದ ನಂಟು. ಚರಂಡಿಗೂ ಟಾರಿಗೂ ನಡುವೆ ಉಳಿದ ಗೇಣಗಲದ ಮಣ್ಣಿನಲ್ಲಿ ಮಳೆಮರವೋ ಗುಲ್‌ಮೊಹರೋ ನಿಂತಿರುತ್ತದೆ. ಅದರ ಬೇರು ಚರಂಡಿಯ ಚಪ್ಪಡಿಯನ್ನು ಎತ್ತುತ್ತದೆ, ಉದುರಿದ ಎಲೆ ಜಾಲರಿಯನ್ನು ಮುಚ್ಚುತ್ತದೆ, ಕಟ್ಟಿಕೊಂಡ ನೀರು ಬುಡದ ಮಣ್ಣನ್ನು ಸಡಿಲಿಸುತ್ತದೆ. ಕೊನೆಗೆ ಏಪ್ರಿಲ್-ಮೇ ತಿಂಗಳ ಒಂದು ಗಾಳಿಮಳೆಗೆ ಮರ ಉರುಳುತ್ತದೆ. ಬೀದಿಯವರ ಕಣ್ಣಿಗೆ ಇದು ಒಂದೇ ಸಂಕಟ. ದೂರು ಕೊಟ್ಟ ಕೂಡಲೇ ಅದು ಹೋಳಾಗುತ್ತದೆ.

ಕೊಂಬೆಯ ವಿಚಾರ ಪಾಲಿಕೆಯ ಅರಣ್ಯ ವಿಭಾಗಕ್ಕೆ, ರಸ್ತೆಬದಿಯ ಚರಂಡಿ ವಾರ್ಡ್ ಎಂಜಿನಿಯರಿಗೆ, ಅದು ಹೋಗಿ ಸೇರುವ ರಾಜಕಾಲುವೆ ಇನ್ನೊಂದು ವಿಭಾಗಕ್ಕೆ. ಅದರಲ್ಲಿ ಕೊಳಚೆ ಹರಿಯುತ್ತಿದ್ದರೆ ಜಲಮಂಡಳಿ, ಕೊಂಬೆ ತಂತಿಗೆ ತಾಗಿದ್ದರೆ ವಿದ್ಯುತ್ ಕಂಪನಿ ಬೆಸ್ಕಾಂ. ಪಾಲಿಕೆಯ ‘ಸಹಾಯ’ ಆ್ಯಪ್, 1533 ಸಹಾಯವಾಣಿ ಬಂದಮೇಲೆ ದೂರು ಕೊಡುವುದು ಸುಲಭವಾಯಿತು. ಫೋಟೊ ಹಾಕಬಹುದು, ಜಾಗ ತೋರಿಸಬಹುದು. ಇದು ಸಣ್ಣ ಸಾಧನೆಯಲ್ಲ. ಬಿದ್ದ ಮರವನ್ನು ಸುರಿವ ಮಳೆಯಲ್ಲೇ, ನಡುರಾತ್ರಿಯಲ್ಲೇ ಕತ್ತರಿಸಿ ದಾರಿ ಬಿಡಿಸುವ ಕೆಲಸಗಾರರ ಮೇಲೆ ನನಗೆ ನಿಜವಾದ ಗೌರವವಿದೆ. ಅನಾಹುತ ಆದಮೇಲೆ ಈ ನಗರ ಚುರುಕಾಗಿ ಓಡುತ್ತದೆ. ಆಗುವ ಮುನ್ನ ಬಂದ ದೂರನ್ನು ನಡೆಸಿಕೊಳ್ಳುವ ರೀತಿಯಲ್ಲೇ ನನ್ನ ತಕರಾರು.

ದೂರು ಒಂದು ಕಚೇರಿಯಿಂದ ಇನ್ನೊಂದಕ್ಕೆ ದಾಟಿದರೂ ಸಾಕು, ‘ಪರಿಹರಿಸಲಾಗಿದೆ’ ಎಂದು ಮುಚ್ಚಿಬಿಡುತ್ತಾರೆ ಎಂಬುದು ನಿವಾಸಿ ಸಂಘಗಳ ಹಳೆಯ ಗೋಳು. ನಿಜಕ್ಕೂ ಕೆಲಸವಾದ ಕಡೆಯೂ ಅದು ಅರೆಬರೆ. ಕೊಂಬೆ ತಂತಿಗೆ ತಾಗುತ್ತಿದೆ ಎಂದರೆ ತಂತಿಯ ಕಡೆಯದನ್ನಷ್ಟೇ ಸವರುತ್ತಾರೆ, ಮರದ ಭಾರವೆಲ್ಲ ರಸ್ತೆಯ ಕಡೆ ವಾಲುತ್ತದೆ. ಬುಡದವರೆಗೆ ಸುರಿದ ಕಾಂಕ್ರೀಟನ್ನು ಒಡೆದು ಬೇರಿಗೆ ಉಸಿರು ಕೊಡುವುದು ಯಾರ ಕೆಲಸವೂ ಅಲ್ಲ. ಮೋರಿ ಕಟ್ಟಿದೆ ಎಂದರೆ ಹೂಳೆತ್ತಿ ಅಲ್ಲೇ ದಂಡೆಯ ಮೇಲೆ ಗುಡ್ಡೆ ಹಾಕುತ್ತಾರೆ. ಮುಂದಿನ ಮಳೆ ಅದನ್ನು ಮತ್ತೆ ಮೋರಿಗೇ ತಳ್ಳುತ್ತದೆ. 1976ರ ವೃಕ್ಷ ಸಂರಕ್ಷಣೆ ಕಾಯ್ದೆಯಂತೆ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಬೇಕೇ ಬೇಕು, ಇಲ್ಲದಿದ್ದರೆ ಈ ಊರಿನಲ್ಲಿ ನೆರಳೇ ಉಳಿಯುತ್ತಿರಲಿಲ್ಲ. ಆದರೆ ಕಡಿಯಬೇಕೆ ಎಂದು ನೋಡಲು ಬಂದವರು ಉಳಿಸಿಕೊಳ್ಳುವುದು ಹೇಗೆ ಎಂದೂ ಹೇಳಿಹೋಗಬೇಕಲ್ಲವೆ?

ನೀರಿನ ವಿಷಯದಲ್ಲಿ ಈ ಹೋಳುಗಾರಿಕೆ ಇನ್ನೂ ದುಬಾರಿ. ಬೆಂಗಳೂರು ದಿಣ್ಣೆಯ ಮೇಲಿನ ಊರು. ಹೆಬ್ಬಾಳ, ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ ಎಂಬ ಮೂರು ಮುಖ್ಯ ಕಣಿವೆಗಳಲ್ಲಿ ಮಳೆನೀರು ಇಳಿದುಹೋಗಬೇಕು. ಮೆಜೆಸ್ಟಿಕ್ ಬಳಿ ಹುಟ್ಟುವ ಕಾಲುವೆ ಕೋರಮಂಗಲ ಹಾಯ್ದು ಬೆಳ್ಳಂದೂರು ಕೆರೆಯ ಕಡೆ ಹೋಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಒಡೆದು ಐದು ಪಾಲಿಕೆಗಳಾದವು. ಈಗ ಅದೇ ನೀರು ಕೇಂದ್ರ ಪಾಲಿಕೆಯಲ್ಲಿ ಹೊರಟು ಪೂರ್ವ ಪಾಲಿಕೆಯಲ್ಲಿ ಕೊನೆಗೊಳ್ಳುತ್ತದೆ. ಕೆಳಗೆ ಮನೆಯೊಳಗೆ ನೀರು ನುಗ್ಗಿದವರ ದೂರು ಮೇಲ್ಭಾಗದ ಪಾಲಿಕೆಯ ಮೇಜಿಗೆ ತಲುಪುವ ದಾರಿ ಗಟ್ಟಿಯಾಗಿರಬೇಕು. ಬಿಬಿಎಂಪಿ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದು, ವರ್ಷಗಟ್ಟಲೆ ಜನ ಹೋಗಿ ಕೇಳಬಹುದಾದ ಕಾರ್ಪೊರೇಟರೂ ಇರಲಿಲ್ಲ. ಆ ಜಾಗವನ್ನು ಆ್ಯಪ್ ತುಂಬಲಾರದು.

ನಾನು ಕೇಳುವುದು ಹೊಸ ಆ್ಯಪನ್ನಲ್ಲ. ಒಂದು ಬೀದಿಯ ಮರ, ಮೋರಿ, ತಂತಿ ಮೂರನ್ನೂ ಮಳೆಗಾಲಕ್ಕೆ ಮೊದಲು ಒಟ್ಟಿಗೆ ನಡೆದು ನೋಡುವ ಒಂದು ತಂಡ ಬೇಕು. ದೂರು ಕೊಟ್ಟವರು ಆಯಿತು ಎನ್ನುವವರೆಗೆ ದೂರು ತೆರೆದೇ ಇರಬೇಕು. ಈಗಂತೂ ಬಿದ್ದ ಮರದ ಕಾಂಡವನ್ನು ಲಾರಿಗೆ ಹೇರಿಕೊಂಡು ಹೋದಮೇಲೆ ಬೊಡ್ಡೆ ಪಾದಚಾರಿ ಮಾರ್ಗದಲ್ಲೇ ಉಳಿಯುತ್ತದೆ. ಬೇರು ಎತ್ತಿಹಾಕಿದ ಚಪ್ಪಡಿ ಬಾಯ್ದೆರೆದುಕೊಂಡೇ ಇರುತ್ತದೆ. ಅದನ್ನು ದಾಟಿಕೊಂಡು ಶಾಲೆಗೆ ಹೋಗುವ ಮಗುವಿನ ತಾಯಿ ಇನ್ನೊಂದು ಫೋಟೊ ತೆಗೆದು, ಇನ್ನೊಂದು ದೂರಿನ ಸಂಖ್ಯೆಗಾಗಿ ಕಾಯುತ್ತಾಳೆ.