ಸದ್ದು ಒರೆಸಿದರೆ ನಾದ ಉಳಿದೀತೆ?

ಹಳೆಯ ಧ್ವನಿಮುದ್ರಿಕೆಯೊಂದರ ಹೊಸ ಆವೃತ್ತಿ ಬಂದಾಗಲೆಲ್ಲ ಒಂದೇ ಹೊಗಳಿಕೆ ಕೇಳಿಬರುತ್ತದೆ: 'ಎಷ್ಟು ಕ್ಲೀನಾಗಿದೆ!' ತೊಳೆದ ಪಾತ್ರೆಗೆ ಈ ಮಾತು ಸಾಕು, ಸಂಗೀತಕ್ಕೆ ಸಾಲದು. ನಮ್ಮಲ್ಲಿ ಕಛೇರಿಗಳ ವಿಮರ್ಶೆ ಬರುತ್ತದೆ, ಧ್ವನಿಮುದ್ರಿಕೆಗಳ ವಿಮರ್ಶೆ ಬರುವುದು ಅಪರೂಪ. ಹಾಗಾಗಿ 'ಕ್ಲೀನ್' ಎನ್ನುವುದೇ ಅಳತೆಗೋಲಾಗಿ ಕೂತುಬಿಟ್ಟಿದೆ. ಈ ಅಳತೆ ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನು ನೋಡಲು ಮೈಸೂರಿನ ನಂಟಿರುವ ಒಂದು ಪಾಶ್ಚಾತ್ಯ ಮುದ್ರಿಕೆ ಒಳ್ಳೆಯ ಉದಾಹರಣೆ.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್‌ನ 'ಕೊನೆಯ ನಾಲ್ಕು ಹಾಡುಗಳು' ಮೊದಲ ಬಾರಿಗೆ ಪ್ರದರ್ಶನಗೊಂಡವು. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾವನ್ನು ನಡೆಸಿದವರು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಸ್ಟ್ರಾಸ್ ಹಿಂದಿನ ವರ್ಷವೇ ತೀರಿಕೊಂಡಿದ್ದ. ಆ ಸಂಜೆಯನ್ನು ಮುದ್ರಿಸಿಕೊಳ್ಳಲು 4,800 ಡಾಲರಿನ ಖಾತರಿ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರ್. ಆಗ ಅವರ ಸಂಗ್ರಹದಲ್ಲಿ ಸುಮಾರು 20,000 ರೆಕಾರ್ಡುಗಳಿದ್ದವೆಂದು ಅಂದಾಜು. ರಷ್ಯಾದ ನಿಕೊಲಾಯ್ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ಮುದ್ರಿಸಲು ಸಾಧ್ಯವಾದದ್ದೂ ಈ ಅರಸರ ನೆರವಿನಿಂದ. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕಂಚೆರ್ಟೊವನ್ನು ಅವರಿಗೇ ಅರ್ಪಿಸಿದ.

ಆಲ್ಬರ್ಟ್ ಹಾಲಿನ ಮುದ್ರಣ ಅಸಿಟೇಟ್ ತಟ್ಟೆಗಳ ಮೇಲಾಯಿತು. ಲೋಹದ ತಟ್ಟೆಗೆ ಮೆತ್ತನೆಯ ಲೇಪ ಬಳಿದು ಕೊರೆದ ಮುದ್ರಿಕೆಯಿದು. ಮುಳ್ಳು ಓಡಿದಷ್ಟು ಸಲವೂ ಇಷ್ಟಿಷ್ಟು ಸವೆಯುತ್ತದೆ. ಮುಂದೆ ಎಲ್‌ಪಿಗೆ ಇಳಿಸುವ ಹೊತ್ತಿಗೆ ತಟ್ಟೆಗಳು ಚೆನ್ನಾಗಿ ಸವೆದಿದ್ದವು. ಈ ಶತಮಾನದಲ್ಲಿ ಡಿಜಿಟಲ್ ತಂತ್ರದಿಂದ ಅದನ್ನು ಮತ್ತೆ ಮತ್ತೆ ರಿಪೇರಿ ಮಾಡಿದ್ದಾರೆ.

ಇವುಗಳಲ್ಲಿ ಎರಡು ರೂಪಗಳನ್ನು ಹೆಡ್‌ಫೋನ್ ಹಾಕಿಕೊಂಡು ಒಂದರ ಬೆನ್ನಿಗೆ ಒಂದರಂತೆ ಕೇಳಿದೆ. ಒಂದರಲ್ಲಿ ಮಳೆ ಸುರಿದಂತೆ ಸದ್ದಿದೆ. ಇನ್ನೊಂದರಲ್ಲಿ ಅದು ಬಹುಪಾಲು ಮಾಯ. ಮೊದಲ ಎರಡು ನಿಮಿಷ ಎರಡನೆಯದೇ ಗೆದ್ದಿತು. ಆದರೆ 'ಮುಸ್ಸಂಜೆ'ಯ ಹಾಡಿನ ಕೊನೆಗೆ ಬಂದಾಗ ಲೆಕ್ಕ ತಿರುಗಿತು. ಅಲ್ಲಿ ದನಿ ನಿಂತ ಮೇಲೆ ಆರ್ಕೆಸ್ಟ್ರಾ ನಿಧಾನವಾಗಿ ಆರುತ್ತದೆ, ಮೇಲೆಲ್ಲೋ ಎರಡು ಹಕ್ಕಿಗಳಂತೆ ಕೊಳಲುಗಳು ನಡುಗುತ್ತವೆ. ಸದ್ದಿರುವ ರೂಪದಲ್ಲಿ ಆ ನಡುಕ ಮಳೆಯ ಹಿಂದಿನಿಂದ ಕೇಳುತ್ತದೆ, ದೂರವಿದ್ದರೂ ಜೀವಂತವಾಗಿದೆ. ಒರೆಸಿದ ರೂಪದಲ್ಲಿ ಅದು ಗಾಜಿನ ಮೇಲಿನ ಗೀಟಿನಂತೆ ತೆಳ್ಳಗಾಗಿ, ತಂತಿವಾದ್ಯಗಳ ಕೊನೆಯ ಉಸಿರು ಬೇಗನೆ ಕಡಿದುಹೋಗುತ್ತದೆ. ಹಾಡಿನ ಅರ್ಥವೇ ಆ ಆರುವಿಕೆಯಲ್ಲಿದೆ. ಅದನ್ನೇ ಕಡಿದರೆ ಉಳಿಯುವುದು ಒಳ್ಳೆಯ ಕಂಠ ಮಾತ್ರ.

ಹೀಗಾಗಲು ಕಾರಣ ಸರಳ. ಸಾಫ್ಟ್‌ವೇರ್ ಮೊದಲು ಖಾಲಿ ಜಾಗದ ಸದ್ದನ್ನು ಗುರುತಿಟ್ಟುಕೊಳ್ಳುತ್ತದೆ, ಆಮೇಲೆ ಅಂಥದ್ದನ್ನೆಲ್ಲ ಕಳೆಯುತ್ತ ಹೋಗುತ್ತದೆ. ಜೋರಾದ ಸ್ವರಕ್ಕೆ ಅಪಾಯವಿಲ್ಲ. ಆದರೆ ಆರುತ್ತಿರುವ ಸ್ವರ ಹಿನ್ನೆಲೆಯ ಸದ್ದಿನ ಮಟ್ಟಕ್ಕೆ ಇಳಿದಾಗ ಎರಡರ ನಡುವಿನ ವ್ಯತ್ಯಾಸ ಅದಕ್ಕೆ ತಿಳಿಯುವುದಿಲ್ಲ.

ಇದು ಲಂಡನ್ನಿನ ಸಮಸ್ಯೆಯಷ್ಟೇ ಅಲ್ಲ. ಜಯಚಾಮರಾಜ ಒಡೆಯರ್ ವೀಣೆ ಕಲಿತದ್ದು ವೆಂಕಟಗಿರಿಯಪ್ಪನವರಲ್ಲಿ. ದೊರೆಸ್ವಾಮಿ ಅಯ್ಯಂಗಾರರೂ ಅದೇ ಗುರುವಿನ ಶಿಷ್ಯರು, ಬೆಂಗಳೂರು ಆಕಾಶವಾಣಿಯಲ್ಲಿ ಕೆಲಸ ಮಾಡಿದವರು. ಅವರ ವೀಣೆಯಲ್ಲಿ ಮೀಟಿನಷ್ಟೇ ಮೀಟಿನ ನಂತರದ್ದೂ ಮುಖ್ಯ. ಒಂದು ಮೀಟು ಹಾಕಿ, ತಂತಿ ಆರುವ ಮುನ್ನ ಎಡಗೈಯಿಂದ ಅದನ್ನೆಳೆದು ಇನ್ನೆರಡು ಸ್ವರ ಹೊರಡಿಸುತ್ತಾರೆ. ಆ ಎರಡನೆಯ, ಮೂರನೆಯ ಸ್ವರಗಳು ತೀರ ಮೆಲು. ರೇಡಿಯೋದಿಂದ ಇಳಿಸಿಕೊಂಡ ಟೇಪನ್ನು 'ಕ್ಲೀನ್' ಮಾಡುವಾಗ ಮೊದಲು ಕಳೆದುಹೋಗುವುದು ಅವೇ. ಉಳಿದದ್ದನ್ನು ಕೇಳಿದ ವಿದ್ಯಾರ್ಥಿಗೆ ವೀಣೆಯೆಂದರೆ ಟಣ್ ಟಣ್ ಎನ್ನುವ ವಾದ್ಯ ಎನಿಸಿದರೆ ಅದು ಅವನ ತಪ್ಪಲ್ಲ.

'ಆ ಗೊರಗೊರ ಸದ್ದಿನ ನಡುವೆ ಹೇಗೆ ಕೇಳುವುದು?' ಎಂದು ನೀವು ಕೇಳಬಹುದು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಚಪ್ಪರವೇ ಇದಕ್ಕೆ ಉತ್ತರ. ರಾಮಸೇವಾ ಮಂಡಳಿಯ ಉತ್ಸವ ಶುರುವಾದದ್ದು 1939ರಲ್ಲಿ. ಹೊರಗೆ ಬಸ್ಸು, ಆಟೋ, ಹಾರನ್ನು. ಆದರೂ ಆಲಾಪನೆ ಹತ್ತು ನಿಮಿಷ ದಾಟಿದ ಮೇಲೆ ಬಸ್ಸಿನ ಸದ್ದು ನಮಗೆ ಕೇಳುವುದೇ ಇಲ್ಲ. ಸದ್ದನ್ನು ಬದಿಗೊತ್ತುವ ಕೆಲಸವನ್ನು ಕಿವಿಯೇ ಮಾಡುತ್ತದೆ, ಅದೂ ಸ್ವರವನ್ನು ಮುಟ್ಟದೆ. ತಂತ್ರಾಂಶ ಅಳಿಸಿದ್ದನ್ನು ಮಾತ್ರ ಯಾವ ಕಿವಿಯೂ ಮರಳಿ ತರಲಾರದು.

ಹಾಗೆಂದು ರಿಪೇರಿಯೇ ಬೇಡ ಎನ್ನುತ್ತಿಲ್ಲ. ತಟ್ಟೆ ಗೀರಿ ಬರುವ ಟಕ್ ಟಕ್ ಸದ್ದನ್ನು ತೆಗೆಯಬೇಕು, ಅದು ಕ್ಷಣಮಾತ್ರದ್ದು. ವೇಗವನ್ನು ಸರಿಪಡಿಸಲೇಬೇಕು: ತಟ್ಟೆಯೋ ಟೇಪೋ ತುಸು ವೇಗವಾಗಿ ಓಡಿದರೂ ಶ್ರುತಿ ಏರುತ್ತದೆ, ಗಾಯಕರ ಕಂಠವೇ ಬೇರೆಯಾಗಿ ಕೇಳುತ್ತದೆ. ಎಚ್ಚರ ಬೇಕಾದದ್ದು ಹಿಂದಿನಿಂದ ಎಡೆಬಿಡದೆ ಬರುವ ಸದ್ದಿನ ವಿಷಯದಲ್ಲಿ. ಅದನ್ನು ತಗ್ಗಿಸಬಹುದು, ಪೂರ್ತಿ ಒರೆಸಬಾರದು. ಹೊಸ ಆವೃತ್ತಿಯ ಬೆಲೆ ಕಟ್ಟಲು ನಾನು ಕೇಳುವುದು ಸ್ವರದ ಆರಂಭವನ್ನಲ್ಲ, ಕೊನೆಯನ್ನು: ಅದು ತಾನಾಗಿ ಆರಿತೋ, ಯಾರಾದರೂ ಆರಿಸಿದರೋ?

ಬಸವನಗುಡಿ, ಮಲ್ಲೇಶ್ವರದ ಎಷ್ಟೋ ಮನೆಗಳ ಕಪಾಟಿನಲ್ಲಿ ರೇಡಿಯೋ ಕಛೇರಿಗಳ ಕ್ಯಾಸೆಟ್ಟುಗಳು ಇನ್ನೂ ಇವೆ. ಅಜ್ಜನ ಕೈಬರಹದ ಚೀಟಿ ಅಂಟಿಸಿದ ಅವನ್ನು ಮೊಮ್ಮಕ್ಕಳು ಈಗ ಕಂಪ್ಯೂಟರಿಗೆ ಏರಿಸುತ್ತಿದ್ದಾರೆ. ನಿಮ್ಮ ಮನೆಯಲ್ಲೂ ಇದ್ದರೆ, ಏರಿಸಿದ ಮೊದಲ ಫೈಲನ್ನು ಏನೂ ಮಾಡದೆ ಹಾಗೇ ತೆಗೆದಿಡಿ. ಕ್ಲೀನ್ ಮಾಡುವುದಿದ್ದರೆ ಅದರ ಪ್ರತಿಯ ಮೇಲೆ ಮಾಡಿ. ಇಂದಿನ ತಂತ್ರಕ್ಕೆ ಬರೀ ಸದ್ದೆನಿಸಿದ್ದರಲ್ಲಿ ನಾಳೆಯ ಕೇಳುಗನಿಗೆ ಮೂರನೆಯ ಸ್ವರ ಸಿಗಬಹುದು.