‘ಬೇಡ’ ಅನ್ನೋ ಬಟನ್ ಎಲ್ಲಿದೆ?

ಸಂಬಳ ಬೀಳುವ ಬ್ಯಾಂಕಿನ ಆ್ಯಪ್ ತೆರೆದರೆ ಬ್ಯಾಲೆನ್ಸ್ ಕಾಣುವ ಮೊದಲೇ ಒಂದು ಸ್ಕ್ರೀನ್ ಅಡ್ಡ ಬರುತ್ತೆ. ‘ಅಭಿನಂದನೆಗಳು! ನಿಮಗೆ 12 ಲಕ್ಷದ ಪ್ರೀ-ಅಪ್ರೂವ್ಡ್ ಲೋನ್.’ ಸಾಲಕ್ಕೆ ಅಭಿನಂದನೆ ಹೇಳುವ ಪದ್ಧತಿ ನಮ್ಮೂರಲ್ಲಿರಲಿಲ್ಲ, ಹೋಗಲಿ. ಕೆಳಗೆ ಎರಡು ಬಟನ್. ಒಂದು ‘ಈಗಲೇ ಪಡೆಯಿರಿ’, ಇನ್ನೊಂದು ‘ಆಮೇಲೆ ನೆನಪಿಸಿ’. ‘ಬೇಡ’ ಅನ್ನೋ ಬಟನ್ ಇಲ್ಲ.

ಇಂಥ ಸ್ಕ್ರೀನ್ ಕಟ್ಟುವುದೇ ನನ್ನ ಹೊಟ್ಟೆಪಾಡು. (ಬ್ಯಾಂಕಿಗಲ್ಲ, ಬೇರೆ ಕಂಪನಿಗೆ.) ಆದ್ದರಿಂದ ಧೈರ್ಯವಾಗಿ ಹೇಳ್ತೀನಿ, ಒಂದು ಬಟನ್ ಮರೆತುಹೋಗಿ ಬಿಟ್ಟುಹೋಗುವುದಿಲ್ಲ. ಯಾವುದೋ ಮೀಟಿಂಗಿನಲ್ಲಿ ಯಾರೋ ಅದನ್ನು ತೆಗೆಸಿರುತ್ತಾರೆ. ‘ಬೇಡ’ ಅಂದವನನ್ನು ಮತ್ತೆ ಕೇಳೋಕಾಗಲ್ಲ, ‘ಆಮೇಲೆ’ ಅಂದವನನ್ನು ದಿನಾ ಕೇಳಬಹುದು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಇಂಥ 13 ಬಗೆಯ ಚಾಲಾಕಿತನಗಳನ್ನು ‘ಡಾರ್ಕ್ ಪ್ಯಾಟರ್ನ್’ ಅಂತ ಪಟ್ಟಿ ಮಾಡಿತು. ಅದರಲ್ಲೊಂದರ ಹೆಸರೇ ‘ನ್ಯಾಗಿಂಗ್’, ಅಂದರೆ ಬೆನ್ನುಬಿಡದೆ ಕಾಡೋದು.

ಆ್ಯಪಿನ ಮೇಲೆ ನನಗೇನೂ ಅಷ್ಟು ಸಿಟ್ಟಿಲ್ಲ. ಮುಚ್ಚಿದರೆ ಮುಚ್ಚಿಕೊಳ್ಳುತ್ತೆ, ಅದಕ್ಕೆ ಬೇಜಾರಾಗುವುದಿಲ್ಲ. ಅದೇ ಡಿಸೈನು ಮನುಷ್ಯನ ರೂಪದಲ್ಲಿ ಬಂದು, ಕುರ್ಚಿ ಹಾಕಿ, ಕಾಫಿ ತರಿಸಿ, ‘ಊಟ ಆಯ್ತಾ ಸಾರ್’ ಅಂದಾಗ ಕಷ್ಟ.

ಎರಡು ವರ್ಷದ ಹಿಂದೆ ಊರಲ್ಲಿ ಅಪ್ಪಯ್ಯನ ಎಫ್‌ಡಿಯೊಂದು ಮೆಚ್ಯೂರ್ ಆಯ್ತು. ಅಡಿಕೆ ಮಾರಿ ಇಟ್ಟಿದ್ದ ದುಡ್ಡು. ರಿನ್ಯೂ ಮಾಡಿಸಲು ಪೇಟೆಗೆ ಹೋದವರು ಮನೆಗೆ ಬಂದಾಗ ಅದು ಜೀವವಿಮೆಯಾಗಿತ್ತು. ವರ್ಷಕ್ಕೆ ಒಂದೂವರೆ ಲಕ್ಷ, ಹತ್ತು ವರ್ಷ ಕಟ್ಟಬೇಕು. ಅಪ್ಪಯ್ಯನಿಗೆ ಆಗ 61. ‘ಎಫ್‌ಡಿ ಥರಾನೇ, ಬಡ್ಡಿ ಜಾಸ್ತಿ’ ಅಂದಿದ್ದರಂತೆ. ವಿಮಾ ಕಂಪನಿಯಿಂದ ಖಾತ್ರಿ ಮಾಡಿಕೊಳ್ಳಲು ಫೋನ್ ಬರುತ್ತಲ್ಲ, ಅದಕ್ಕೂ ತಯಾರಿ ಮಾಡಿಸಿದ್ದರು: ‘ಏನು ಕೇಳಿದರೂ ಎಸ್ ಅನ್ನಿ, ಇಲ್ಲಾಂದ್ರೆ ಪ್ರೊಸೆಸ್ ನಿಂತುಹೋಗುತ್ತೆ.’ ಖಾತೆಗೆ ನನ್ನ ಇಮೇಲ್ ಕೊಟ್ಟಿದ್ದರಿಂದ ಪಾಲಿಸಿ ನನ್ನ ಇನ್‌ಬಾಕ್ಸಿಗೆ ಬಂತು, ಅದರಿಂದ ಗೊತ್ತಾಯ್ತು.

“ಅಲ್ಲ ಅಪ್ಪಯ್ಯ, ಓದದೆ ಸೈನ್ ಹಾಕಿದ್ರಾ?” ಅಂದೆ.

“ಮ್ಯಾನೇಜರ್ರೇ ಒಳಗೆ ಕರೆದು ಕೂರಿಸಿ ಅಷ್ಟು ಹೊತ್ತು ಮಾತಾಡಿದ್ರು ಮಾರಾಯ. ಬೇಡ ಅನ್ನೋದು ಹ್ಯಾಗೆ?”

ಈ ಮಾರಾಟದ ಬಂಡವಾಳವೆಲ್ಲ ಆ ಒಂದು ಮಾತಿನಲ್ಲಿದೆ. ದಾಕ್ಷಿಣ್ಯಕ್ಕೆ ಬಸುರಾಗೋದು ಅಂತ ಗಾದೆ ಮಾಡಿಟ್ಟವರು ನಾವು. ಎಲ್ಲರೆದುರು ಕೌಂಟರಿನಲ್ಲಿ ನಿಂತಾಗ ಯಾರೂ ಇದನ್ನು ಮಾರುವುದಿಲ್ಲ, ಕ್ಯಾಬಿನ್ನಿಗೆ ಕರೆದೇ ಮಾರುತ್ತಾರೆ. ಗೌರವ ಕೊಟ್ಟ ಮೇಲೆ ‘ಬೇಡ’ ಅನ್ನುವುದು ಅವಮಾನ ಮಾಡಿದಂತೆ ಅನ್ನಿಸಬೇಕು, ಅಷ್ಟೇ. ಆ್ಯಪಿನಲ್ಲಿ ಬಟನ್ ತೆಗೆದರು, ಇಲ್ಲಿ ಕಾಫಿ ಕೊಟ್ಟರು. ಹಳ್ಳಿಯವರ ಕಥೆ ಅಂತ ನಗಬೇಡಿ. ನಮ್ಮ ಟೀಮಿನಲ್ಲಿ ಕೋಡ್ ರಿವ್ಯೂ ಮಾಡುವಾಗ ಒಂದು ಕಾಮಾ ಬಿಡದವರು, ರಿಲೇಶನ್‌ಶಿಪ್ ಮ್ಯಾನೇಜರ್ ಫೋನ್ ಮಾಡಿದರೆ ‘ಮೀಟಿಂಗಲ್ಲಿದ್ದೀನಿ, ಆಮೇಲೆ ಮಾಡಿ’ ಅನ್ನುತ್ತಾರೆ. ಆ್ಯಪಿನ ಎರಡನೇ ಬಟನ್ನನ್ನು ಬಾಯಲ್ಲೇ ಒತ್ತಿದ ಹಾಗೆ.

ಪಾಲಿಸಿ ಕೈಗೆ ಬಂದ 30 ದಿನದೊಳಗೆ ವಾಪಸ್ ಮಾಡುವ ಹಕ್ಕಿದೆ, ‘ಫ್ರೀ ಲುಕ್’ ಅಂತಾರೆ. ಮೊದಲು 15 ದಿನ ಇತ್ತು, 2024ರಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎಐ ಅದನ್ನು 30 ಮಾಡಿತು. ಶಾಖೆಗೆ ಫೋನ್ ಮಾಡಿದರೆ ಸಾಹೇಬರು ರಜೆ, ಸಿಸ್ಟಮ್ ಡೌನ್, ಮುಂದಿನ ವಾರ ಬನ್ನಿ. ದಿನ ಕಳೆದಷ್ಟೂ ಅವರಿಗೆ ಲಾಭ. ಅವರನ್ನು ಬಿಟ್ಟು ನೇರ ವಿಮಾ ಕಂಪನಿಗೇ ಇಮೇಲ್ ಕಳಿಸಿದೆ. ಸ್ಟಾಂಪ್ ಡ್ಯೂಟಿ, ಅಷ್ಟು ದಿನದ ರಿಸ್ಕ್ ಪ್ರೀಮಿಯಂ ಮುರಿದುಕೊಂಡು ಉಳಿದದ್ದು ವಾಪಸ್ ಬಂತು. ಅಪ್ಪಯ್ಯ ಮಾತ್ರ ತಿಂಗಳುಗಟ್ಟಲೆ ಆ ಶಾಖೆ ಕಡೆ ಹೋಗಲಿಲ್ಲ. ಮ್ಯಾನೇಜರಿಗೆ ಮುಖ ತೋರಿಸಲು ಸಂಕೋಚವಂತೆ! ಸಂಕೋಚ ಯಾರಿಗೆ ಇರಬೇಕಿತ್ತು, ನೀವೇ ಹೇಳಿ.

ಬ್ಯಾಂಕು ಮನೆಬಾಗಿಲಿಗೆ ಬರೋದು ನಮಗೆ ಹೊಸದೇನಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಅಂಗಡಿಗೇ ಬಂದು ತಗೊಂಡು ಹೋಗ್ತಿದ್ದ. ಆ ಬ್ಯಾಂಕು 2020ರಲ್ಲಿ ಕೆನರಾದಲ್ಲಿ ಸೇರಿಹೋಯ್ತು, ‘ಪಿಗ್ಮಿ’ ಅನ್ನೋ ಪದ ಮಾತ್ರ ನಮ್ಮ ಪೇಟೆ ಬೀದಿಗಳಲ್ಲಿ ಇನ್ನೂ ಇದೆ. ಪಿಗ್ಮಿಯವನಿಗೂ ಕಮಿಷನ್ನೇ ಜೀವನ. ಅವನೂ ಒತ್ತಾಯ ಮಾಡ್ತಿದ್ದ, ‘ಇವತ್ತೊಂದು ಹತ್ತು ರೂಪಾಯಿ ಆದ್ರೂ ಹಾಕಿ’ ಅಂತ. ಆದರೆ ಅವನು ನಾಳೆ ಮತ್ತೆ ಅದೇ ಅಂಗಡಿ ಮೆಟ್ಟಿಲು ಹತ್ತಬೇಕಿತ್ತು. ನೀವು ದಿನಾ ಕೊಡುತ್ತಿದ್ದರೆ ಮಾತ್ರ ಅವನಿಗೆ ದಿನಾ ಕಮಿಷನ್. ಈಗಿನ ಪಾಲಿಸಿಯಲ್ಲಿ ಕಮಿಷನ್ನಿನ ದೊಡ್ಡ ಪಾಲು ಮೊದಲ ವರ್ಷವೇ ಬಂದುಬಿಡುತ್ತೆ. ಮಾರಿದವರು ಎರಡನೇ ಕಂತಿನ ಹೊತ್ತಿಗೆ ಬೇರೆ ಊರಲ್ಲಿರುತ್ತಾರೆ. ಸಾಫ್ಟ್‌ವೇರಿನಲ್ಲೂ ಹೀಗೇ: ಕೋಡ್ ಬರೆದವನೇ ರಾತ್ರಿ ಎದ್ದು ಬಗ್ ಸರಿ ಮಾಡಬೇಕು ಅನ್ನೋ ಟೀಮಿನ ಕೋಡು ಬೇರೆ, ಬರೆದು ಎಸೆದು ಹೋಗೋ ಟೀಮಿನ ಕೋಡು ಬೇರೆ.

ಎದುರು ಕೂತ ಹುಡುಗ ಹುಡುಗಿಯರನ್ನು ಬೈಯಲು ನನಗೆ ಮನಸ್ಸಿಲ್ಲ. ಅವರೂ ನಮ್ಮಂತೆ ಎಲ್ಲಿಂದಲೋ ಬಂದವರು, ತಿಂಗಳ ಕೊನೆಗೆ ಟಾರ್ಗೆಟ್ಟಿನ ಎಕ್ಸೆಲ್ ಶೀಟಿನಲ್ಲಿ ಹೆಸರು ಕೆಂಪಾಗಬಾರದು ಅಂತ ಓಡಾಡುವವರು. ಬೈಯಬೇಕಾದ್ದು ಶೀಟು ಮಾಡಿದವರನ್ನು. 2024ರ ನವೆಂಬರಿನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಬ್ಯಾಂಕರುಗಳ ಸಮಾವೇಶದಲ್ಲೇ ಹೇಳಿದರು, ವಿಮೆಯನ್ನು ತಪ್ಪಾಗಿ ಮಾರುವುದರಿಂದ ಗ್ರಾಹಕರ ಸಾಲದ ಖರ್ಚು ಪರೋಕ್ಷವಾಗಿ ಏರುತ್ತದೆ ಅಂತ. ಸರಿಯೇ. ಆದರೆ ಒಂದು ಬ್ಯಾಂಕು ಮೂರು ಜೀವವಿಮಾ ಕಂಪನಿಗಳ ಪಾಲಿಸಿ ಮಾರಬಹುದು ಅಂತಿದ್ದ ನಿಯಮವನ್ನು 2022ರಲ್ಲಿ ಒಂಬತ್ತಕ್ಕೆ ಏರಿಸಿದ್ದೂ ಇದೇ ವ್ಯವಸ್ಥೆ. ಅಂಗಡಿ ದೊಡ್ಡದು ಮಾಡಿಕೊಟ್ಟು ವ್ಯಾಪಾರ ಕಮ್ಮಿ ಮಾಡಿ ಅಂದರೆ?

ಸಾಲದ ಖರ್ಚು ಅಂದೆನಲ್ಲ, ಮನೆ ಕೊಳ್ಳೋ ಆಲೋಚನೆ ಇರೋರು ಇದನ್ನೊಮ್ಮೆ ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿ. ‘ಹೋಮ್ ಲೋನ್ ಜೊತೆ ಇನ್ಶೂರೆನ್ಸ್ ಕಂಪಲ್ಸರಿ’ ಅಂತಾರೆ. ಅದೇ ಬ್ಯಾಂಕು ಮಾರುವ ಪಾಲಿಸಿಯನ್ನೇ ತಗೊಳ್ಳಿ ಅಂತ ಯಾವ ಕಾನೂನೂ ಹೇಳಿಲ್ಲ. 3 ಲಕ್ಷದ ಪ್ರೀಮಿಯಮ್ಮನ್ನು ಸಾಲಕ್ಕೇ ಸೇರಿಸಿದರು ಅಂದುಕೊಳ್ಳಿ. ಶೇ. 8.5ರ ಬಡ್ಡಿ, 20 ವರ್ಷ. ಇಎಂಐಗೆ ತಿಂಗಳಿಗೆ ಸುಮಾರು 2,600 ಸೇರುತ್ತೆ, ಕೊನೆಗೆ ನೀವು ಕಟ್ಟಿದ್ದು 6 ಲಕ್ಷ 25 ಸಾವಿರದ ಹತ್ತಿರ. ಕುಟುಂಬಕ್ಕೆ ವಿಮೆ ಬೇಕು, ಖಂಡಿತ ಬೇಕು. ಟರ್ಮ್ ಪಾಲಿಸಿ ಬೇರೆಯಾಗಿ ತಗೊಳ್ಳಿ, ಸಾಲದೊಳಗೆ ತುರುಕಿಸಿಕೊಳ್ಳಬೇಡಿ.

ಫೋನ್ ಕಾಟಕ್ಕೆ 1909ಕ್ಕೆ ಹೇಳಿ ಡಿಎನ್‌ಡಿ ಹಾಕಿಸಬಹುದು, ಸ್ವಲ್ಪ ಕಮ್ಮಿಯಾಗುತ್ತೆ. ಎದುರು ಕೂತವರಿಗೆ ಡಿಎನ್‌ಡಿ ಇಲ್ಲ. ಅಲ್ಲಿ ನಡೆಯುವುದು ಒಂದೇ ವಾಕ್ಯ: ‘ಇದನ್ನೇ ಇಮೇಲಿನಲ್ಲಿ ಬರೆದು ಕಳಿಸಿ.’ ಜಗಳ ಬೇಕಿಲ್ಲ, ಮುಖ ಗಂಟಿಕ್ಕುವುದೂ ಬೇಕಿಲ್ಲ, ಕಾಫಿ ಕುಡಿದೇ ಹೇಳಬಹುದು.

ಮದುವೆಯಾದ ಮೇಲೆ ಒಡವೆ ಇಡಲು ಲಾಕರ್ ಕೇಳಲು ಹೋಗಿದ್ದೆ. “5 ಲಕ್ಷ ಎಫ್‌ಡಿ ಇಡಿ, ಅಥವಾ ಒಂದು ಪಾಲಿಸಿ ಮಾಡಿ ಸಾರ್. ಲಾಕರ್ ತುಂಬಾ ಡಿಮ್ಯಾಂಡು” ಅಂದರು. ರಿಸರ್ವ್ ಬ್ಯಾಂಕಿನ 2021ರ ಆಗಸ್ಟಿನ ಸೂಚನೆ ಪ್ರಕಾರ ಅವರು ಕೇಳಬಹುದಾದ ಠೇವಣಿ ಮೂರು ವರ್ಷದ ಬಾಡಿಗೆ ಮತ್ತು ಅಗತ್ಯ ಬಿದ್ದರೆ ಲಾಕರ್ ಒಡೆಸುವ ಖರ್ಚಿನಷ್ಟು ಮಾತ್ರ. ಬಾಡಿಗೆ 3,000 ಅಂದರೆ 9,000, ಮೇಲೆ ಒಡೆಸುವ ಚಾರ್ಜು. 5 ಲಕ್ಷ ಎಲ್ಲಿ, ಇದೆಲ್ಲಿ! ಲಾಕರ್ ಖಾಲಿ ಇಲ್ಲದಿದ್ದರೆ ಅರ್ಜಿಗೆ ಸ್ವೀಕೃತಿ ಕೊಟ್ಟು ವೇಟಿಂಗ್ ಲಿಸ್ಟಿನ ನಂಬರ್ ಹೇಳಬೇಕು ಅಂತಲೂ ಅದರಲ್ಲಿದೆ.

“ಪಾಲಿಸಿ ಮಾಡಿದರೆ ಮಾತ್ರ ಲಾಕರ್ ಅಂತ ಒಂದು ಇಮೇಲ್ ಹಾಕಿಬಿಡಿ ಮೇಡಮ್, ಮನೇಲಿ ತೋರಿಸ್ತೀನಿ” ಅಂದೆ. ಹಾಗೆಲ್ಲ ಬರೆದು ಕೊಡೋಕಾಗಲ್ಲ ಅಂದರು. “ಹಾಗಾದರೆ ನನ್ನ ಅರ್ಜಿಗೆ ಸ್ವೀಕೃತಿ ಕೊಡಿ.” ಆಕೆ ಒಳಗೆ ಹೋಗಿ ಯಾರ ಜೊತೆಗೋ ಮಾತಾಡಿ ಬಂದರು. 30 ದಿನದಲ್ಲಿ ಬ್ಯಾಂಕು ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹಾಕಬಹುದು ಅನ್ನೋದನ್ನು ಬಾಯಿಬಿಟ್ಟು ಹೇಳುವ ಪ್ರಸಂಗವೇ ಬರಲಿಲ್ಲ. ಸೀಲು ಹೊಡೆದ ಚೀಟಿ ಕೊಟ್ಟರು. ವೇಟಿಂಗ್ ಲಿಸ್ಟ್ ನಂಬರ್ 4. ಐದನೇ ತಿಂಗಳಿಗೆ ಲಾಕರ್ ಸಿಕ್ಕಿತು, ಪಾಲಿಸಿ ಇಲ್ಲದೆ.